ಊರಿನ ಸಣ್ಣ ಕಲಾಮನೆಗೆ ಪ್ರಚಾರದ ಕೆಲಸ: ಕಂಪನಿಯಲ್ಲಿ ಕಲಿತದ್ದು ಇಲ್ಲಿ ನಡೆಯುತ್ತದಾ?

ಹೆಂಚಿನ ಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ಪುರುಸೊತ್ತಿದ್ದಾಗ ಓದಿ.

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಕಾರ್ಪೊರೇಟ್ ಕಮ್ಯುನಿಕೇಷನ್ಸ್ ವಿಭಾಗದಲ್ಲಿ ಇದ್ದೇನೆ. ಪತ್ರಿಕಾ ಪ್ರಕಟಣೆ, ಕಂಪನಿಯವರಿಗೆ ಹೋಗುವ ನ್ಯೂಸ್‌ಲೆಟರ್, ಏನಾದರೂ ಎಡವಟ್ಟಾದಾಗ ಹೇಳಿಕೆ ಬರೆದುಕೊಡುವುದು, ಇದೇ ಕೆಲಸ. ಮನೆ ತುಮಕೂರು. ನಮ್ಮ ಬಡಾವಣೆಯಲ್ಲಿ ಒಂದು ಹಳೇ ಹೆಂಚಿನ ಮನೆಯನ್ನು ಮಾಲೀಕರು ಕಲೆಯ ಕೆಲಸಕ್ಕೆ ಅಂತ ಬಿಟ್ಟುಕೊಟ್ಟಿದ್ದಾರೆ. ನಡುಮನೆಯಲ್ಲಿ ಜಮಖಾನ ಹಾಸಿದರೆ ಎಂಬತ್ತು ಜನ ಕೂರಬಹುದು. ಭಾನುವಾರ ಬೆಳಗ್ಗೆ ಮಕ್ಕಳಿಗೆ ನಾಟಕದ ತರಗತಿ, ಸಂಜೆ ಹಾರ್ಮೋನಿಯಂ ಪಾಠ, ಆಗಾಗ ಮೂಡಲಪಾಯ ಯಕ್ಷಗಾನದವರ ತಾಲೀಮು, ತಿಂಗಳಿಗೊಂದು ಪ್ರದರ್ಶನ. ನೋಂದಣಿಯಾದ ಟ್ರಸ್ಟ್ ಇದೆ. ಟ್ರಸ್ಟಿಗಳಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು, ಒಬ್ಬರು ಟೈಲರ್, ಒಬ್ಬರು ಕಾಲೇಜು ಲೆಕ್ಚರರ್, ಇನ್ನೊಬ್ಬರು ಹಾರ್ಮೋನಿಯಂ ಮೇಷ್ಟ್ರು.

ಪ್ರಚಾರ ನೀನು ನೋಡಿಕೊಳ್ಳಮ್ಮಾ ಅಂತ ನನಗೆ ವಹಿಸಿದ್ದಾರೆ. ಸಂಬಳವಿಲ್ಲ, ನನಗೆ ಬೇಕಾಗಿಯೂ ಇಲ್ಲ. ತೊಡಕು ಬಂದಿದ್ದು ಪೋಸ್ಟರಿನಲ್ಲಿ. ಮುಂದಿನ ತಿಂಗಳು ಊರಿನ ಹವ್ಯಾಸಿಗಳೇ ಸೇರಿ ಕುರುಕ್ಷೇತ್ರ ನಾಟಕದ ಕೆಲವು ದೃಶ್ಯಗಳನ್ನು ಆಡುತ್ತಾರೆ. ನಾನು ಕಡುಗೆಂಪು ಹಿನ್ನೆಲೆಯಲ್ಲಿ ಒಂದೇ ಒಂದು ಗದೆ ಇಟ್ಟು, ಕೆಳಗೆ ದಿನ, ಹೊತ್ತು, ಜಾಗ ಹಾಕಿದೆ. ಆಫೀಸಿನಲ್ಲಿ ನೋಡಿದವರು ಭೇಷ್ ಅಂದರು. ಹಾರ್ಮೋನಿಯಂ ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು ಕೇಳಿದ್ದು ಒಂದೇ ಮಾತು. "ಹೆಸರೆಲ್ಲಮ್ಮಾ?" ಅವರಿಗೆ ಪಾತ್ರಧಾರಿಗಳ ಹೆಸರು ಮಾತ್ರ ಸಾಲದು. ಸೀನರಿಯವರು, ಲೈಟಿನವರು, ತಬಲದವರು, ಮನೆ ಕೊಟ್ಟವರು, ಕಾಫಿ ನೋಡಿಕೊಳ್ಳುವವರು, ಎಲ್ಲರ ಹೆಸರೂ ಬೇಕು. ಆಗುವುದಾದರೆ ಫೋಟೊ ಕೂಡ.

ಅಷ್ಟೆಲ್ಲ ತುಂಬಿದರೆ ಕಾಲೇಜು ಹುಡುಗರು ಅದನ್ನು ನೋಡುತ್ತಾರಾ? ಇನ್‌ಸ್ಟಾಗ್ರಾಂನಲ್ಲಿ ಅದು ಹೇಗೆ ಕಾಣುತ್ತದೆ? ಇದು ಪೋಸ್ಟರಿನ ವಿಷಯ ಮಾತ್ರ ಅಲ್ಲ, ದುಡ್ಡು ಕೇಳುವಾಗ, ಪತ್ರಿಕೆಗೆ ಬರೆಯುವಾಗ ಎಲ್ಲ ಕಡೆ ಇದೇ ಪ್ರಶ್ನೆ ಬರುತ್ತಿದೆ. ಇಂಥ ಜಾಗ ನಡೆಸಿದವರು, ಇಂಥ ಕೆಲಸ ಮಾಡಿದವರು ಹೇಳಿ.

ಹಾರ್ಮೋನಿಯಂ ಪೆಟ್ಟಿಗೆ

ಅಮ್ಮಾ, ನಾನು ಗುಬ್ಬಿ ಕಡೆಯವನು. ಭೀಮನ ಪಾತ್ರ ಮಾಡುತ್ತೇನೆ, ಈಗ ಉಸಿರು ಕಮ್ಮಿ ಆಗಿದೆ, ಆದರೂ ಬಿಟ್ಟಿಲ್ಲ. ನಿಮ್ಮ ಮೇಷ್ಟ್ರು ಕೇಳಿದ್ದು ಸರಿಯಾಗಿಯೇ ಇದೆ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕಡೆ ಕುರುಕ್ಷೇತ್ರ ನಡೆಯುವ ರೀತಿಯೇ ಬೇರೆ. ಬೆಂಗಳೂರಿನವರು ನಟನಿಗೆ ಸಂಭಾವನೆ ಕೊಡುತ್ತಾರೆ. ಇಲ್ಲಿ ನಟನೇ ದುಡ್ಡು ಕೊಟ್ಟು ಪಾತ್ರ ತಗೊಳ್ಳುತ್ತಾನೆ. ದುರ್ಯೋಧನ, ಕೃಷ್ಣ, ಭೀಮ, ಇವು ದುಬಾರಿ. ಸಣ್ಣ ಪಾತ್ರಕ್ಕೆ ಕಡಿಮೆ. ಆ ದುಡ್ಡಿನಲ್ಲೇ ಮೇಷ್ಟ್ರ ಗೌರವಧನ, ಸೀನರಿ ಬಾಡಿಗೆ, ಡ್ರೆಸ್ಸು, ಮೇಕಪ್ಪು, ಸ್ತ್ರೀಪಾತ್ರಕ್ಕೆ ಬರುವ ಕಲಾವಿದೆಯರ ಸಂಭಾವನೆ, ಮೈಕ್ ಸೆಟ್ಟು ಎಲ್ಲ ಆಗಬೇಕು. ತಿಂಗಳುಗಟ್ಟಲೆ ರಾತ್ರಿ ಹೊತ್ತು ತಾಲೀಮು. ಬೆಳಗ್ಗೆ ಹೊಲ, ಅಂಗಡಿ, ಬಸ್ ಡಿಪೊ. ಅಷ್ಟು ಕಷ್ಟಪಟ್ಟವನಿಗೆ ಸಿಗುವುದು ಏನು? ಒಂದು ರಾತ್ರಿಯ ಕಿರೀಟ, ನಡು ದೃಶ್ಯದಲ್ಲಿ ಬಂದು ಹಾರ ಹಾಕುವ ನೆಂಟರು, ಆಮೇಲೆ ಆ ಕರಪತ್ರ. ಕರಪತ್ರ ಮನೆಯಲ್ಲಿ ಫ್ರೇಮ್ ಹಾಕಿಸಿ ಇಟ್ಟವರನ್ನು ನಾನು ನೋಡಿದ್ದೇನೆ.

ಇನ್ನು ಪ್ರಚಾರದ ಲೆಕ್ಕ. ಕರಪತ್ರದಲ್ಲಿ ಹೆಸರಿದ್ದವನು ಅದನ್ನು ತಾನೇ ಹಂಚುತ್ತಾನೆ. ಬೀಗರಿಗೆ ಕೊಡುತ್ತಾನೆ, ಸೊಸೈಟಿಯಲ್ಲಿ ಕೊಡುತ್ತಾನೆ, ಕಟಿಂಗ್ ಶಾಪಿನಲ್ಲಿ ಅಂಟಿಸುತ್ತಾನೆ. ಫೋನ್ ಮಾಡಿ "ಬರಲೇಬೇಕು" ಅಂತಾನೆ. ನಿಮ್ಮ ಗದೆಯ ಪೋಸ್ಟರನ್ನು ಹಂಚುವವರು ಯಾರು? ನೀವೊಬ್ಬರೇ. ಕರಪತ್ರದಲ್ಲಿ ಐವತ್ತು ಹೆಸರಿದ್ದರೆ ಐವತ್ತು ಜನ ಪ್ರಚಾರಕ್ಕೆ ನಿಂತ ಹಾಗೆ. ಹೆಸರು ಬಿಟ್ಟುಹೋದವನೂ ಪ್ರಚಾರ ಮಾಡುತ್ತಾನೆ, ಆದರೆ ಬೇರೆ ಥರ.

1884ರಲ್ಲಿ ನಮ್ಮ ಗುಬ್ಬಿಯಲ್ಲೇ ನಾಟಕ ಕಂಪನಿ ಹುಟ್ಟಿದ್ದು. ಆ ಕಂಪನಿಯ ಗುಬ್ಬಿ ವೀರಣ್ಣನವರು ಕುರುಕ್ಷೇತ್ರದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದವರು. ಪ್ರಚಾರ ಅಂದರೆ ಏನು ಅಂತ ಆ ಕಾಲದ ಕಂಪನಿಯವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅಕ್ಷರ ಜೋಡಣೆ

ಪೆಟ್ಟಿಗೆ ಅಣ್ಣನ ಮಾತು ಒಪ್ಪುತ್ತೇನೆ, ಅರ್ಧ. ನಾನು ಪೋಸ್ಟರ್, ಪುಸ್ತಕ ವಿನ್ಯಾಸ ಮಾಡುವವನು. ಕರಪತ್ರ ಕೈಯಲ್ಲಿ ಹಿಡಿದು ಓದುವ ವಸ್ತು. ಐವತ್ತು ಹೆಸರನ್ನು ಅದರಲ್ಲಿ ಹಾಕಬಹುದು, ಚೆನ್ನಾಗಿಯೂ ಹಾಕಬಹುದು. ಅದನ್ನೇ ಫೋಟೊ ಹೊಡೆದು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿದರೆ ಒಂದು ಹೆಸರೂ ಕಾಣುವುದಿಲ್ಲ. ದಿನಾಂಕವೂ ಕಾಣುವುದಿಲ್ಲ. ಆದ್ದರಿಂದ ಎರಡು ಬೇಕು. ಮುದ್ರಣಕ್ಕೆ ಕರಪತ್ರ, ಫೋನಿಗೆ ಬೇರೆ ಚಿತ್ರ. ಫೋನಿನ ಚಿತ್ರದಲ್ಲಿ ಗದೆ ಇರಲಿ, ಪರವಾಗಿಲ್ಲ.

ಅದಕ್ಕಿಂತ ಉತ್ತಮ: ಒಬ್ಬೊಬ್ಬ ಪಾತ್ರಧಾರಿಗೂ ಒಂದೊಂದು ಚಿತ್ರ ಮಾಡಿಕೊಡಿ. ಅವರ ಮುಖ, ಪಾತ್ರದ ಹೆಸರು, ದಿನ, ಹೊತ್ತು. ಒಂದೇ ವಿನ್ಯಾಸ, ಫೋಟೊ ಮಾತ್ರ ಬದಲು. ಅವರೇ ಸ್ಟೇಟಸ್‌ಗೆ ಹಾಕಿಕೊಳ್ಳುತ್ತಾರೆ.

ಇನ್ನೊಂದು, ದಯವಿಟ್ಟು ಕನ್ನಡ ಅಕ್ಷರ ಕೆಡಿಸಬೇಡಿ. ಫೋಟೊಶಾಪಿನಲ್ಲಿ ಕನ್ನಡ ಅಂಟಿಸಿದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬರುತ್ತದೆ ಅಂತ ಎಲ್ಲರೂ ಅಳುತ್ತಾರೆ. ಹಳೇ ಆವೃತ್ತಿಯಾದರೆ ಸೆಟ್ಟಿಂಗ್‌ನಲ್ಲಿ ಟೈಪ್ ಅನ್ನುವಲ್ಲಿ ಹೋಗಿ ವರ್ಲ್ಡ್-ರೆಡಿ ಲೇಔಟ್ ಆರಿಸಿಕೊಂಡರೆ ಸರಿಯಾಗುತ್ತದೆ. ಉಚಿತವಾಗಿ ಸಿಗುವ ಒಳ್ಳೆಯ ಯುನಿಕೋಡ್ ಫಾಂಟುಗಳೂ ಈಗ ಇವೆ. ಹೆಸರುಗಳ ಪಟ್ಟಿಗೆ ನೋಟೊ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ. ಅನೇಕ್‌ನಲ್ಲಿ ಅಕ್ಷರದ ಅಗಲ ಕಿರಿದು ಮಾಡಬಹುದು, ಉದ್ದನೆಯ ಹೆಸರಿಗೆ ಬಹಳ ಉಪಯೋಗ. ತಲೆಬರಹಕ್ಕೆ ಬಾಲೂ ತಮ್ಮ. ಸಾಹಿತ್ಯದ ಕಾರ್ಯಕ್ರಮ ಇದ್ದರೆ ತಿರೋ ಕನ್ನಡ.

ಹಾರ್ಮೋನಿಯಂ ಪೆಟ್ಟಿಗೆ

ಒಬ್ಬೊಬ್ಬರಿಗೂ ಒಂದೊಂದು ಚಿತ್ರ ಅಂದಿರಲ್ಲ, ಅದು ಆಗಬಹುದು. ಆದರೆ ಶಕುನಿ ಫೋಟೊ ದುರ್ಯೋಧನನ ಫೋಟೊಗಿಂತ ದೊಡ್ಡದಾಗದ ಹಾಗೆ ನೋಡಿಕೊಳ್ಳಿ. ಪಾತ್ರದ ದುಡ್ಡು ದುರ್ಯೋಧನನೇ ಜಾಸ್ತಿ ಕೊಟ್ಟಿರುತ್ತಾನೆ 😀

ಬಿಸಿ ಬಜ್ಜಿ

ಎಂಬತ್ತು ಜನ ಕೂರುವ ಮನೆಗೆ ಪಿಆರ್ ಬೇರೆ ಬೇಕಾ? ಬಾಗಿಲು ತೆಗೆದಿಟ್ಟರೆ ಜನ ತಾವಾಗೇ ಬರುತ್ತಾರೆ.

ಸಂಜೆ ಆರೂವರೆ

ಬಜ್ಜಿಯವರೇ, ಬರುವುದಿಲ್ಲ. ಒಮ್ಮೆ ಬರುತ್ತಾರೆ, ಆಮೇಲೆ ಬರುವುದಿಲ್ಲ. ಯಾಕೆ ಅಂತ ನಾನು ಪ್ರೇಕ್ಷಕನಾಗಿ ಹೇಳುತ್ತೇನೆ. ನನ್ನ ಹೆಸರೇ ನೋಡಿ.

ಆಹ್ವಾನಪತ್ರಿಕೆಯಲ್ಲಿ ಆರೂವರೆ ಅಂತ ಇರುತ್ತದೆ. ಹೋದರೆ ಆಗಿನ್ನೂ ಜಮಖಾನ ಕೊಡವುತ್ತಿರುತ್ತಾರೆ. ಏಳಕ್ಕೆ ಅತಿಥಿಗಳು ಬರುತ್ತಾರೆ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಅಧ್ಯಕ್ಷರ ನುಡಿ. ನಾಟಕ ಶುರುವಾಗುವ ಹೊತ್ತಿಗೆ ಕೊನೆ ಬಸ್ ಚಿಂತೆ. ಮುಂದಿನ ಸಲ ಎಷ್ಟೇ ಚಂದದ ಪೋಸ್ಟರ್ ಕಳಿಸಿದರೂ ನಾನು ಏಳೂವರೆಗೆ ಬರುತ್ತೇನೆ, ಇಲ್ಲವೇ ಬರುವುದೇ ಇಲ್ಲ.

ಬೆಂಗಳೂರಿನ ಜೆ.ಪಿ. ನಗರದ ರಂಗಶಂಕರ ರಂಗಮಂದಿರ 2004ರಲ್ಲಿ ಶುರುವಾಯಿತು. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಅವರು ಹತ್ತಾರು ಜನರ ಜೊತೆ ನಿಂತು ಕಟ್ಟಿಸಿದ್ದು. ತಡವಾಗಿ ಬಂದವರಿಗೆ ಒಳಗೆ ಬಿಡುವುದಿಲ್ಲ. ಒಂದು ನಿಮಿಷ ತಡವಾದರೂ ಅಷ್ಟೇ, ಎಂಥ ದೊಡ್ಡ ಮನುಷ್ಯರಾದರೂ ಅಷ್ಟೇ. ಮೊದಮೊದಲು ಜನ ಬೈದರು. ಈಗ ಟ್ರಾಫಿಕ್ ಲೆಕ್ಕ ಹಾಕಿಕೊಂಡು ಅರ್ಧ ಗಂಟೆ ಮುಂಚೆ ಬಂದು, ಅಲ್ಲೇ ಏನಾದರೂ ತಿಂದು ಒಳಗೆ ಹೋಗುತ್ತಾರೆ. ಆ ಬಾಗಿಲು ಮಾಡಿದಷ್ಟು ಪ್ರಚಾರವನ್ನು ಯಾವ ಜಾಹೀರಾತೂ ಮಾಡಿಲ್ಲ ಅಂತ ನನ್ನ ಅಭಿಪ್ರಾಯ. ಪಿಆರ್ ಮೇಡಂ ಮೊದಲು ಹಾಕಬೇಕಾದದ್ದು ಗಡಿಯಾರ.

ಧಾರವಾಡದಾವ

ನೋಡ್ರಿ, ಹೇಳುವುದು ಸುಲಭ. ಸಣ್ಣ ಊರಿನಲ್ಲಿ ಅತಿಥಿಗಳನ್ನು ಬಿಟ್ಟು ಶುರು ಮಾಡಿದರೆ ಮುಂದಿನ ಸಲ ಕರೆಂಟ್ ಕಂಬದ ಕೆಲಸಕ್ಕೂ ಅವರ ಹತ್ತಿರವೇ ಹೋಗಬೇಕು. ನಾವು ಒಂದು ಉಪಾಯ ಮಾಡಿಕೊಂಡಿದ್ದೇವೆ. ಸಭೆ ಬೇರೆ, ಪ್ರದರ್ಶನ ಬೇರೆ. ಸನ್ಮಾನ, ಭಾಷಣ ಎಲ್ಲ ವರ್ಷಕ್ಕೆ ಒಂದು ಸಲ, ವಾರ್ಷಿಕೋತ್ಸವದಲ್ಲಿ. ಅಂದು ಎಷ್ಟು ಬೇಕಾದರೂ ಶಾಲು ಹೊದಿಸಿಕೊಳ್ಳಲಿ. ಉಳಿದ ದಿನ ವೇದಿಕೆಗೆ ಕುರ್ಚಿಯೇ ಇಲ್ಲ. ಕುರ್ಚಿ ಇಲ್ಲದಿದ್ದರೆ ಯಾರನ್ನು ಕೂರಿಸಬೇಕು ಅನ್ನುವ ಜಗಳವೂ ಇಲ್ಲ.

ಹೆಸರಿನ ವಿಷಯದಲ್ಲಿ ಪೆಟ್ಟಿಗೆ ಅಣ್ಣನವರ ಪರ ನಾನು. ಉತ್ತರ ಕರ್ನಾಟಕದಲ್ಲಿ ಬಾದಾಮಿ ಬನಶಂಕರಿ ಜಾತ್ರೆಗೆ ಕಂಪನಿಗಳು ಸಾಲಾಗಿ ಕ್ಯಾಂಪ್ ಹಾಕುತ್ತವೆ. ಜೀಪಿಗೆ ಮೈಕ್ ಕಟ್ಟಿ ಊರೂರು ಸುತ್ತುವವನು ನಾಟಕದ ಕಥೆ ಹೇಳುವುದಿಲ್ಲ. ಹಾಸ್ಯಕ್ಕೆ ಯಾರು, ಹಿರೋಯಿನ್ ಯಾರು, ಅದನ್ನೇ ಕೂಗುತ್ತಾನೆ. ಜನ ಬರುವುದು ಮನುಷ್ಯರನ್ನು ನೋಡಲು ರೀ. ಜಾಗದ ಬ್ರ್ಯಾಂಡ್ ನೋಡಲು ಯಾರು ಬರುತ್ತಾರೆ?

ಕುಡ್ಲದ ಗಾಳಿ

ನನಗೆ ಅನಿಸುವುದು, ಹೆಸರು, ಗಡಿಯಾರ ಎರಡಕ್ಕಿಂತ ಮುಂಚೆ ಕ್ಯಾಲೆಂಡರ್. ಮಂಗಳೂರಿನ ಶಕ್ತಿನಗರದಲ್ಲಿ ಕಲಾಂಗಣ್ ಅಂತ ಇದೆ, ಮಾಂಡ್ ಸೊಭಾಣ್ ಅನ್ನುವ ಕೊಂಕಣಿ ಸಂಸ್ಥೆಯವರದ್ದು. 2002ರ ಜನವರಿಯಿಂದ ತಿಂಗಳ ಮೊದಲ ಭಾನುವಾರ ಅಲ್ಲಿ ಕಾರ್ಯಕ್ರಮ. ಒಮ್ಮೆ ನಾಟಕ, ಒಮ್ಮೆ ಹಾಡು, ಒಮ್ಮೆ ಕುಣಿತ. ಏನಿದೆ ಅಂತ ಗೊತ್ತಿಲ್ಲದಿದ್ದರೂ ಇದೆ ಅಂತ ಗೊತ್ತಿರುತ್ತದೆ. ಮೊದಲ ಭಾನುವಾರಕ್ಕೆ ಬೇರೆ ಏನೂ ಇಟ್ಟುಕೊಳ್ಳದ ಮನೆಗಳು ನಮ್ಮ ಕಡೆ ಇವೆ.

ಇವರ ಮನೆಯಲ್ಲಿ "ತಿಂಗಳಿಗೊಂದು" ಅಂದಿದ್ದಾರೆ, ಯಾವತ್ತು ಅಂತ ಇಲ್ಲ. ಆ ತಿಂಗಳು ಯಾರಿಗೆ ಪುರುಸೊತ್ತೋ ಅವತ್ತು ಅಂತ ಆಗಿರಬೇಕು, ಅಲ್ವಾ ಅಕ್ಕಾ? ಹಾಗಿದ್ದರೆ ಪ್ರತಿ ಸಲವೂ ಪ್ರಚಾರ ಸೊನ್ನೆಯಿಂದ ಶುರು.

ಕೋಲಾರದ ಬೆಟ್ಟ

ಗಾಳಿಯವರ ಮಾತಿಗೆ ನಮ್ಮೂರಿನದ್ದೂ ಸೇರಿಸುತ್ತೇನೆ. ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಅನ್ನುವ ಸಾಂಸ್ಕೃತಿಕ ಕೇಂದ್ರ ಇದೆ. ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಗೆಳೆಯರು ಕಟ್ಟಿದ್ದು. ಅಲ್ಲಿ ಹುಣ್ಣಿಮೆ ಹಾಡು ಅಂತ ನಡೆಯುತ್ತದೆ. ಹುಣ್ಣಿಮೆ ಯಾವತ್ತು ಅಂತ ಯಾರಿಗಾದರೂ ಪೋಸ್ಟರ್ ಹಾಕಿ ಹೇಳಬೇಕಾ? ಗೋಡೆಯ ಕ್ಯಾಲೆಂಡರಿನಲ್ಲೇ ಇದೆ.

ಹೆಂಚಿನ ಮನೆ

ಗಾಳಿಯವರು ಊಹಿಸಿದ್ದು ನಿಜ. ಲೆಕ್ಚರರ್ ಸರ್‌ಗೆ ಪರೀಕ್ಷೆ ಕೆಲಸ ಇಲ್ಲದ ಶನಿವಾರ, ಮೈಕ್‌ನವರಿಗೆ ಮದುವೆ ಆರ್ಡರ್ ಇಲ್ಲದ ಶನಿವಾರ, ಹೀಗೆ ಹುಡುಕಿ ದಿನ ಇಡುತ್ತೇವೆ. ಇದನ್ನು ಇವತ್ತು ಸಂಜೆಯೇ ಟ್ರಸ್ಟಿಗಳ ಗುಂಪಿನಲ್ಲಿ ಹಾಕುತ್ತೇನೆ.

ಸಂಪರ್ಕಕ್ಕೆ ಈಗ ಇರುವುದು ಒಂದು ವಾಟ್ಸ್ಆ್ಯಪ್ ಗುಂಪು. ಅದರಲ್ಲಿ ಕಾರ್ಯಕ್ರಮದ ಸುದ್ದಿಗಿಂತ ಶುಭೋದಯವೇ ಜಾಸ್ತಿ. ಪತ್ರಿಕೆಗೆ ಕಳಿಸಿದ ಸುದ್ದಿ ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಇಲ್ಲ.

ಡೆಸ್ಕ್ ಮೂಲೆ

ಪತ್ರಿಕೆಯ ವಿಷಯ ನಾನು ಹೇಳುತ್ತೇನೆ. ಜಿಲ್ಲಾ ಪುಟದ ಡೆಸ್ಕಿನಲ್ಲಿ ಬಹಳ ವರ್ಷ ಕೂತವನು.

ಸುದ್ದಿ ಬರದಿದ್ದರೆ ಯಾರೋ ತಡೆದರು ಅಂತ ಅಂದುಕೊಳ್ಳಬೇಡಿ. ಹೆಚ್ಚಿನ ಸಲ ಟೈಪ್ ಮಾಡುವವರಿಲ್ಲದೆ ಬಿಟ್ಟುಹೋಗಿರುತ್ತದೆ. ಆಹ್ವಾನಪತ್ರಿಕೆಯ ಫೋಟೊ ಕಳಿಸುತ್ತಾರೆ, ಅದರಲ್ಲಿ ಇಪ್ಪತ್ತು ಗಣ್ಯರ ಹೆಸರು, ಜಾಗದ ಹೆಸರು ಮೂಲೆಯಲ್ಲಿ. ಪುಟ ಮುಗಿಸುವ ಗಡಿಬಿಡಿಯಲ್ಲಿ ಅದನ್ನು ನೋಡಿ ಹೊಡೆಯುವವರು ಯಾರು? ಯುನಿಕೋಡ್‌ನಲ್ಲಿ ಟೈಪ್ ಮಾಡಿದ ನಾಲ್ಕು ಸಾಲು ಕಳಿಸಿ, ಸಾಕು. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಕಳಿಸಿದರೆ ನಮ್ಮ ಕಡೆ ಚಿತ್ರವಿಚಿತ್ರ ಅಕ್ಷರ ಕಾಣುತ್ತದೆ. ಪಿಡಿಎಫ್ ಅಂತೂ ಬೇಡವೇ ಬೇಡ.

ಇಂದಿನ ಕಾರ್ಯಕ್ರಮಗಳ ಪಟ್ಟಿಗೆ ಬೇಕಾದದ್ದು ಏನು, ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಆಡುತ್ತಾರೆ, ಫೋನ್ ನಂಬರ್. ಹಿಂದಿನ ದಿನ ಮಧ್ಯಾಹ್ನದೊಳಗೆ ಮುಟ್ಟಬೇಕು. ಕಾರ್ಯಕ್ರಮದ ಮಾರನೇ ದಿನದ ವರದಿಗೆ ಒಂದೇ ಫೋಟೊ ಸಾಕು. ಸಾಲಾಗಿ ನಿಂತು ದೀಪ ಹಚ್ಚುವ ಫೋಟೊ ಬೇಡ. ಆಟದ ನಡುವಿನ ಫೋಟೊ ಕೊಡಿ, ಎಡದಿಂದ ಬಲಕ್ಕೆ ಯಾರು ಯಾರು ಅಂತ ಬರೆದುಕೊಡಿ. ಇನಿಷಿಯಲ್ ಸರಿ ಇರಲಿ. ತಪ್ಪಿದರೆ ಬೆಳಗ್ಗೆ ಆರಕ್ಕೆ ಫೋನ್ ಬರುವುದು ನಮಗೆ.

ಇನ್ನೊಂದು ಮಾತು. ಕಂಪನಿಯ ಪತ್ರಿಕಾ ಪ್ರಕಟಣೆ ಬರೆಯುವವರಿಗೆ ಒಂದು ಚಾಳಿ ಇರುತ್ತದೆ. "ಸಮುದಾಯದ ಸಬಲೀಕರಣಕ್ಕೆ ಬದ್ಧ" ಅಂತ ಶುರು ಮಾಡುತ್ತಾರೆ. ಟೈಲರ್ ಒಬ್ಬರು ಟ್ರಸ್ಟಿ ಅಂದಿರಲ್ಲ, ಅವರೇ ಕೌರವರ ಬಟ್ಟೆ ಹೊಲಿಯುತ್ತಿದ್ದರೆ ಅದೇ ಸುದ್ದಿ. ಭಾನುವಾರದ ಪುರವಣಿಯವರು ತಾವಾಗೇ ಹುಡುಕಿಕೊಂಡು ಬರುತ್ತಾರೆ.

ರೇಡಿಯೊ ಮರೆಯಬೇಡಿ. ನಿಮ್ಮ ಊರಿನಲ್ಲೇ ರೇಡಿಯೊ ಸಿದ್ಧಾರ್ಥ ಇದೆ, 90.8. ಸಮುದಾಯ ಬಾನುಲಿಗೆ ಊರಿನ ಕಲಾವಿದರೇ ಬೇಕು. ಮೇಷ್ಟ್ರನ್ನು ಹಾರ್ಮೋನಿಯಂ ಸಮೇತ ಕರೆದುಕೊಂಡು ಹೋಗಿ, ನಾಲ್ಕು ಕಂದ ಪದ್ಯ ಹಾಡಿಸಿ.

ಹೆಂಚಿನ ಮನೆ

ಬಟ್ಟೆ ಹೊಲಿಯುತ್ತಿರುವುದು ಅವರೇ! ಇದು ಸುದ್ದಿ ಅಂತ ಅವರಿಗೂ ಅನಿಸಿರಲಿಲ್ಲ.

ವೈಟ್‌ಫೀಲ್ಡ್ ವಾಸಿ

ನಾನೂ ಇದೇ ಕೆಲಸದವಳು, ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ. ವಾಟ್ಸ್ಆ್ಯಪ್ ಬಗ್ಗೆ ಹೇಳುತ್ತೇನೆ. ಗುಂಪು ಬೇಡ, ಅಥವಾ ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ ಒಂದರಲ್ಲಿ 256 ಜನ. ಒಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ನಿಮ್ಮ ನಂಬರನ್ನು ಅವರು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದರೆ ಮಾತ್ರ ಆ ಸಂದೇಶ ಹೋಗುತ್ತದೆ. ಆದ್ದರಿಂದ ಬಾಗಿಲಲ್ಲಿ ಒಂದು ಪುಸ್ತಕ ಇಡಿ. ಬಂದವರು ಹೆಸರು, ನಂಬರ್ ಬರೆಯಲಿ, ಅಲ್ಲೇ ನಿಂತು ನಿಮ್ಮ ನಂಬರ್ ಸೇವ್ ಮಾಡಿಕೊಳ್ಳಲಿ. ಮಾರನೇ ದಿನ ಒಂದು ಸಾಲು: "ನಿನ್ನೆ ಬಂದಿದ್ದಕ್ಕೆ ಖುಷಿಯಾಯಿತು, ಮುಂದಿನದ್ದು ಇಂಥ ದಿನ." ಇನ್‌ಸ್ಟಾಗ್ರಾಂನಲ್ಲಿ ಸಾವಿರ ಜನ ಲೈಕ್ ಒತ್ತುವುದಕ್ಕಿಂತ ಎಂಬತ್ತು ಜನರ ಮನೆಗೆ ಈ ಪುಸ್ತಕದಲ್ಲಿನ ಇನ್ನೂರು ನಂಬರ್ ದೊಡ್ಡದು.

ಮಕ್ಕಳ ತರಗತಿ ಇದೆ ಅಂದಿರಿ. ಫೋಟೊ ಹಾಕುವ ಮುಂಚೆ ಅಪ್ಪ ಅಮ್ಮನ ಒಪ್ಪಿಗೆ ಬರವಣಿಗೆಯಲ್ಲಿ ತಗೊಳ್ಳಿ. ತರಗತಿಗೆ ಸೇರುವ ಅರ್ಜಿಯಲ್ಲೇ ಒಂದು ಸಾಲು ಇರಲಿ, ಬೇಡ ಅನ್ನುವುದಕ್ಕೂ ಜಾಗ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದ ಒಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಕಾಯ್ದೆ ಇರಲಿ ಬಿಡಲಿ, ಮಗುವಿನ ಹೆಸರು, ಶಾಲೆ, ಮುಖ ಮೂರೂ ಒಟ್ಟಿಗೆ ಹಾಕಬೇಡಿ.

ಪಾಸ್‌ವರ್ಡ್ ಯಾರ ಹತ್ತಿರ ಇದೆ? ಮೇಡಂಗೆ ನಾಳೆ ಪುಣೆಗೆ ವರ್ಗ ಆದರೆ ಪುಟ, ಇಮೇಲ್, ಫೋಟೊ, ಎಲ್ಲ ಅವರ ಜೊತೆಯೇ ಹೋಗುತ್ತದಾ? ನಾನು ನೋಡಿದ ಎಷ್ಟೋ ತಂಡಗಳ ಫೇಸ್‌ಬುಕ್ ಪುಟ ಹೀಗೆ ಅನಾಥವಾಗಿ ನಿಂತಿದೆ. ಗೂಗಲ್ ಮ್ಯಾಪ್‌ನಲ್ಲಿ ಬಾಗಿಲಿನ ಎದುರಿಗೇ ಗುರುತು ಹಾಕಿ, ಅದರ ಲಾಗಿನ್ ಕೂಡ ಟ್ರಸ್ಟಿನ ಇಮೇಲ್‌ಗೇ ಇರಲಿ.

ಲೆಕ್ಕಪತ್ರ

ದುಡ್ಡಿನ ವಿಷಯ ಯಾರೂ ಮುಟ್ಟಿಲ್ಲ. ಆಡಿಟರ್ ಆಗಿ ನಾಲ್ಕು ಮಾತು.

ದೇಣಿಗೆಗೆ ಮನವಿ ಬರೆಯುವಾಗ "80ಜಿ ಇದೆ" (ದಾನಿಗೆ ಆದಾಯ ತೆರಿಗೆ ವಿನಾಯಿತಿ ಇದೆ) ಅಂತ ಬರೆಯುವ ಮುಂಚೆ ನೋಂದಣಿ ಇದೆಯಾ, ಅವಧಿ ಮುಗಿದಿಲ್ಲವಾ ನೋಡಿಕೊಳ್ಳಿ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ದಾನಿಗೆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಸಿಗುವುದಿಲ್ಲ. ಇದನ್ನು ಹೇಳದೆ ದುಡ್ಡು ತಗೊಂಡರೆ ಆಮೇಲೆ ಮನಸ್ತಾಪ. ಟಿಕೆಟ್ ಇಟ್ಟರೆ ನಾಟಕ, ಸಂಗೀತ, ನೃತ್ಯಕ್ಕೆ ತಲೆಗೆ 500 ರೂಪಾಯಿವರೆಗೆ ಜಿಎಸ್‌ಟಿ ಇಲ್ಲ. ಟಿಕೆಟ್ ಇಟ್ಟ ಮೇಲೆ ನಾಟಕಕಾರರ ಅನುಮತಿ ಮಾತ್ರ ಕೇಳಲೇಬೇಕು. ಹವ್ಯಾಸಿ ಸಂಘ ದುಡ್ಡು ತಗೊಳ್ಳದೆ ಆಡಿದರೆ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ.

ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಕೊಡುವ ದುಡ್ಡು, ಅದರ ಬಗ್ಗೆ ಎಲ್ಲರಿಗೂ ಆಸೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟು ಖರ್ಚು ಮಾಡಬೇಕು. ಆ ಪಟ್ಟಿಯಲ್ಲಿ ಕಲೆ, ಸಂಸ್ಕೃತಿಯೂ ಇದೆ. ಆದರೆ ನಿಮ್ಮ ಟ್ರಸ್ಟ್ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು, 2021ರ ಏಪ್ರಿಲ್‌ನಿಂದ ಅದು ಕಡ್ಡಾಯ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಕರೆಯುತ್ತಾರೆ. ಅದಕ್ಕೆ ಹಿಂದಿನ ಕಾರ್ಯಕ್ರಮಗಳ ಫೋಟೊ, ಪತ್ರಿಕಾ ತುಣುಕು, ಕರಪತ್ರ ಎಲ್ಲ ಕೇಳುತ್ತಾರೆ. ಪ್ರಚಾರದವರು ಒಂದು ಫೈಲು ಇಟ್ಟಿದ್ದರೆ ಅರ್ಧ ಕೆಲಸ ಆಯಿತು.

ನ್ಯೂಜೆರ್ಸಿ ನಾಗರಹಾವು

ನಮಸ್ಕಾರ, ಮೂಲತಃ ತಿಪಟೂರು. ಇಲ್ಲಿಂದ ಸ್ವಲ್ಪ ಹಣ ಕಳಿಸಬಹುದಾ? ಮೂಡಲಪಾಯ ಅಂದ ಕೂಡಲೇ ಮನಸ್ಸು ತಡೆಯಲಿಲ್ಲ. ನಮ್ಮ ತಾತ ಕುಣಿಯುತ್ತಿದ್ದರು.

ಲೆಕ್ಕಪತ್ರ

ನಿಮ್ಮ ಹತ್ತಿರ ಯಾವ ಪಾಸ್‌ಪೋರ್ಟ್ ಇದೆ ಅನ್ನುವುದೇ ಪ್ರಶ್ನೆ. ಇನ್ನೂ ಭಾರತದ ಪ್ರಜೆಯಾಗಿದ್ದರೆ ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಬಹುದು, ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪ್ರಜೆಯಾಗಿದ್ದರೆ, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಆಗ ಟ್ರಸ್ಟಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ಸಣ್ಣ ಟ್ರಸ್ಟಿಗೆ ಅದು ದೂರದ ಮಾತು. ಹೆಂಚಿನ ಮನೆಯವರೇ, ಫೇಸ್‌ಬುಕ್‌ನಲ್ಲಿ ಕ್ಯೂಆರ್ ಕೋಡ್ ಹಾಕಿ "ವಿಶ್ವದ ಎಲ್ಲ ಕನ್ನಡಿಗರೂ ಕೊಡಿ" ಅಂತ ಬರೆದಿದ್ದರೆ ಇವತ್ತೇ ತೆಗೆಯಿರಿ.

ನ್ಯೂಜೆರ್ಸಿ ನಾಗರಹಾವು

ಪಾಸ್‌ಪೋರ್ಟ್ ಬದಲಾಗಿದೆ. ಸರಿ, ಊರಿಗೆ ಬಂದಾಗ ಜಮಖಾನದ ಮೇಲೆ ಕೂತು ನೋಡುತ್ತೇನೆ.

ಹೆಂಚಿನ ಮನೆ

ಸಿಎಸ್‌ಆರ್ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ನಮ್ಮ ಕಂಪನಿಯ ಸಿಎಸ್‌ಆರ್‌ನವರು "ನಿನ್ನ ಜಾಗಕ್ಕೇ ಕೊಡಬಹುದಲ್ಲ" ಅಂದಿದ್ದಾರೆ. ಲೈಟುಗಳಿಗೆ, ಹೆಂಚು ರಿಪೇರಿಗೆ ಸಾಕಾಗುವಷ್ಟು. ಬದಲಿಗೆ ಮುಂಬಾಗಿಲ ಮೇಲೆ ಕಂಪನಿಯ ಹೆಸರು ಬೇಕಂತೆ. ಟ್ರಸ್ಟಿಗಳಲ್ಲಿ ಇಬ್ಬರಿಗೆ ಓಕೆ, ಇಬ್ಬರಿಗೆ ಇಲ್ಲ. ಮಾತಾಡಬೇಕಾದವಳು ನಾನೇ, ಎರಡೂ ಕಡೆ ಇರುವವಳೂ ನಾನೇ.

ವೈಟ್‌ಫೀಲ್ಡ್ ವಾಸಿ

ಆ ಮಾತುಕತೆಯಿಂದ ಮೊದಲು ನೀವು ಆಚೆ ಬನ್ನಿ. ಕಂಪನಿಗೆ ಒಂದು ಇಮೇಲ್ ಹಾಕಿ, ಈ ಟ್ರಸ್ಟ್ ಜೊತೆ ನನಗೆ ಸಂಬಂಧ ಇದೆ, ಈ ತೀರ್ಮಾನದಲ್ಲಿ ನಾನು ಇರುವುದಿಲ್ಲ ಅಂತ. ಟ್ರಸ್ಟಿನ ಸಭೆಯ ನಡಾವಳಿ ಪುಸ್ತಕದಲ್ಲೂ ಅದೇ ಬರೆಸಿ. ಲೆಕ್ಚರರ್ ಸರ್ ಮಾತಾಡಲಿ.

ಧಾರವಾಡದಾವ

ಬಾಗಿಲ ಮೇಲೆ ಮನೆ ಕೊಟ್ಟವರ ಹೆಸರೇ ಇಲ್ಲ ಅಂದರೆ ಕಂಪನಿಯ ಹೆಸರು ಹೇಗೆ ಬರುತ್ತದೆ ರೀ? ಕರಪತ್ರದಲ್ಲಿ ಹಾಕಿ, ಸೀನರಿಯವರ ಪಕ್ಕ, ಅದೇ ಅಳತೆಯಲ್ಲಿ. ಕೊಟ್ಟಿದ್ದು ಲೈಟು ತಾನೇ, "ಬೆಳಕಿಗೆ ನೆರವು" ಅಂತ ಇರಲಿ. ಒಪ್ಪಿದರೆ ಸರಿ, ಇಲ್ಲದಿದ್ದರೆ ಹೆಂಚು ಇನ್ನೊಂದು ಮಳೆಗಾಲ ತಾಳುತ್ತದೆ.

ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಸ್ಥೆ 1949ರಲ್ಲಿ ಶುರುವಾಗಿ, 1985ರಿಂದ ತಿರುಗಾಟ ಮಾಡಿಕೊಂಡು ಊರೂರಿಗೆ ನಾಟಕ ಮುಟ್ಟಿಸಿತು. ಅವರು ದಾರಿ ಮಾಡಿಕೊಂಡಿದ್ದು ಹೋದ ಊರಿನ ಸಂಘಟಕರ ಮೂಲಕ. ಅಂಚೆಯಲ್ಲಿ ಮನೆಗೆ ಬರುವ 'ಮಾತುಕತೆ' ಅನ್ನುವ ಸಣ್ಣ ಪತ್ರಿಕೆ ಇತ್ತು, ನಾಟಕ ನೋಡಿದವರಿಗೆ ನಾಟಕ ಮುಗಿದ ಮೇಲೂ ಓದಲು ಏನೋ ಇರುತ್ತಿತ್ತು. ಪ್ರಾಯೋಜಕರ ಬೋರ್ಡ್ ನೋಡಿ ಯಾರೂ ಹೆಗ್ಗೋಡಿಗೆ ಹೋಗಲಿಲ್ಲ.

ಬಿಸಿ ಬಜ್ಜಿ

ಮಾತು ಚೆನ್ನಾಗಿದೆ, ಆದರೆ ಸೋರುವ ಹೆಂಚಿನ ಕೆಳಗೆ ಜಮಖಾನ ಹಾಸುವವರು ನೀವಲ್ಲ. ದುಡ್ಡು ತಗೊಳ್ಳಿ ಮೇಡಂ, ಬೋರ್ಡ್ ಮೂರು ವರ್ಷಕ್ಕೆ ಅಂತ ಬರೆಸಿಕೊಳ್ಳಿ.

ಸಂಜೆ ಆರೂವರೆ

ಅಪರೂಪಕ್ಕೆ ಬಜ್ಜಿಯವರ ಮಾತು ನನಗೂ ಹಿಡಿಸಿತು. ಬಾಗಿಲಿನ ಬದಲು ಒಳಗಿನ ಗೋಡೆ, ಅವಧಿ ಕಾಗದದಲ್ಲಿ.

ಅಕ್ಕಪಕ್ಕದ ಮನೆಯವರನ್ನು ಮರೆಯಬೇಡಿ. ಬಡಾವಣೆಯ ನಡುವೆ ಇದೆ ಅಂದಿರಿ. ಹೆಂಚಿನ ಮನೆಯಿಂದ ಹಾರ್ಮೋನಿಯಂ, ತಬಲ ಎಲ್ಲ ಆಚೆ ಕೇಳುತ್ತದೆ. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವ ಹಾಗಿಲ್ಲ, 2000ದ ಶಬ್ದಮಾಲಿನ್ಯ ನಿಯಮ. ದೂರು ಬರುವ ಮುಂಚೆ ನೀವೇ ಹೋಗಿ ಎರಡೂ ಬದಿಯ ಮನೆಗೆ ವರ್ಷದ ದಿನಗಳ ಪಟ್ಟಿ ಕೊಟ್ಟು ಬನ್ನಿ. ಪರೀಕ್ಷೆ ಇರುವ ಮಕ್ಕಳಿದ್ದರೆ ಕೇಳಿ. ಫ್ಲೆಕ್ಸ್ ಬೇಡ. ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ, ಎಲ್ಲ ಕಡೆ ಕಾಣುತ್ತದೆ ಅನ್ನುವುದು ಬೇರೆ ಮಾತು. ಬಟ್ಟೆಯ ಬ್ಯಾನರ್ ಸಾಕು, ಮನೆಯಲ್ಲೇ ಟೈಲರ್ ಇದ್ದಾರೆ.

ಹೆಂಚಿನ ಮನೆ

ನಿನ್ನೆ ಸಭೆ ಆಯಿತು. ತೀರ್ಮಾನ ಹೀಗಿದೆ. ಪ್ರತಿ ತಿಂಗಳ ಎರಡನೇ ಶನಿವಾರ, ಸಂಜೆ ಆರೂವರೆ. ದಿನ ಬದಲಿಲ್ಲ. ಆರೂವರೆಗೆ ಇಬ್ಬರೇ ಬಂದಿದ್ದರೂ ಶುರು. ಅತಿಥಿ ಬೇಡ ಅನ್ನುವುದಕ್ಕೆ ರಿಟೈರ್ಡ್ ಮೇಷ್ಟ್ರು ಬಹಳ ಹೊತ್ತು ಒಪ್ಪಲಿಲ್ಲ, ಕೊನೆಗೆ "ಆಟ ಮುಗಿದ ಮೇಲೆ ಐದು ನಿಮಿಷ" ಅನ್ನುವಲ್ಲಿಗೆ ನಿಂತಿತು. ಕರಪತ್ರ ಎಲ್ಲ ಹೆಸರಿನ ಸಮೇತ ಬರುತ್ತದೆ. ಫೋನಿಗೆ ಒಬ್ಬೊಬ್ಬರ ಚಿತ್ರ. ಕಂಪನಿಯ ದುಡ್ಡಿನ ವಿಷಯದಿಂದ ನಾನು ಆಚೆ ಬಂದಿದ್ದೇನೆ, ಲೆಕ್ಚರರ್ ಸರ್ ಮಾತಾಡುತ್ತಾರೆ. ನಂಬರ್ ಪುಸ್ತಕ ತಂದಾಗಿದೆ.

ಉಳಿದಿರುವುದು ಫೋನು. ಈಗ ಎಲ್ಲ ಕಡೆ ನನ್ನ ನಂಬರ್ ಇದೆ. ವಾರದ ದಿನ ಮೀಟಿಂಗಿನಲ್ಲಿ ಇರುತ್ತೇನೆ, ಎತ್ತುವುದಕ್ಕೆ ಆಗುವುದಿಲ್ಲ.

ವೈಟ್‌ಫೀಲ್ಡ್ ವಾಸಿ

ಟ್ರಸ್ಟಿನ ಹೆಸರಿನಲ್ಲಿ ಒಂದು ಸಿಮ್ ತಗೊಳ್ಳಿ. ಬೇಸಿಕ್ ಫೋನ್ ಬೇಡ, ವಾಟ್ಸ್ಆ್ಯಪ್ ಬಿಸಿನೆಸ್ ಓಡುವ ಫೋನು ಇರಲಿ. ಇಮೇಲ್, ಪುಟ ಎಲ್ಲದಕ್ಕೂ ಅದೇ ನಂಬರ್ ಕೊಡಿ. ಆದರೆ ಹಗಲು ಹೊತ್ತು ಎತ್ತುವವರು ಯಾರು?

ಹೆಂಚಿನ ಮನೆ

ಟೈಲರ್ ಅಣ್ಣನ ಅಂಗಡಿ ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ಫೋನು ಅಲ್ಲೇ ಇಡೋಣ ಅಂದಿದ್ದಾರೆ.

ಹಾರ್ಮೋನಿಯಂ ಪೆಟ್ಟಿಗೆ

ಹಾಗಾದರೆ ನಂಬರ್ ಬಂದ ಕೂಡಲೇ ಇಲ್ಲಿ ಹಾಕಬೇಡಿ, ನನಗೆ ಬೇರೆ ಕಳಿಸಿ. ಗುಬ್ಬಿಯಿಂದ ಒಂದು ವ್ಯಾನ್ ತುಂಬ ಜನ ಬರುತ್ತೇವೆ, ಮುಂದೆ ಜಾಗ ಹಿಡಿಯಲು ಹೇಳಬೇಕು.